ಮೂಸಿ ನೋಡದೆ ಮುಟ್ಟದವರು

ಮೇಡಂ ತೀರಿಕೊಂಡರು ಎಂಬ ಸುದ್ದಿ ನಮ್ಮ ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಬಂದಾಗ ನಾನು ನಂಬಲಿಲ್ಲ. ಅದೇ ಗುಂಪು ಹಿಂದೊಮ್ಮೆ ಬದುಕಿದ್ದ ನಿವೃತ್ತ ಗುಮಾಸ್ತರೊಬ್ಬರಿಗೆ ಹೂವಿನ ಹಾರದ ಚಿತ್ರ ಹಾಕಿ, ಅವರೇ 'ನಾನು ಇನ್ನೂ ಇದ್ದೇನೆ' ಎಂದು ಉತ್ತರ ಬರೆಯುವಂತೆ ಮಾಡಿತ್ತು. ಹಾಗಾಗಿ ಒಬ್ಬರಿಗೆ ಫೋನ್ ಮಾಡಿ ಕೇಳಿದೆ. ಹೌದು ಎಂದರು. ಅವರ ಮೇಲೂ ನಂಬಿಕೆ ಬಾರದೆ ಇನ್ನೊಬ್ಬರಿಗೆ ಮಾಡಿದೆ. ಅವರೂ ಹೌದು ಎಂದರು. ಒಂದೇ ಬಾಯಿಂದ ಬಂದದ್ದನ್ನು ಸುದ್ದಿ ಎನ್ನಬಹುದು, ಸತ್ಯ ಎನ್ನಬಾರದು ಎಂದು ನನಗೆ ಹೇಳಿಕೊಟ್ಟವರೇ ಮೇಡಂ. ಆ ಪಾಠದ ಮೇಲೆ ಮೊದಲ ಸಲ ಸಿಟ್ಟು ಬಂತು. ಎರಡನೆಯ ಫೋನ್ ಮಾಡದಿದ್ದರೆ ನನ್ನ ಮಟ್ಟಿಗೆ ಅವರು ಇನ್ನೊಂದು ಗಳಿಗೆ ಬದುಕಿರುತ್ತಿದ್ದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ಬರೆದಿದ್ದರೆ, "ಯಾಕಪ್ಪ, ನನ್ನಿಂದ ಏನಾಗ್ಬೇಕಿತ್ತು?" ಎಂದು ಕನ್ನಡಕದ ಮೇಲಿನಿಂದ ನೋಡುತ್ತಿದ್ದರು. ಯಾರಾದರೂ ಹೊಗಳಿದರೆ ಅವರು ಮೊದಲು ಹುಡುಕುತ್ತಿದ್ದುದು ಆ ಹೊಗಳಿಕೆಯ ಹಿಂದಿನ ಕೆಲಸವನ್ನು. ಮೂಲತಃ ಹಿರಿಯೂರಿನವರು. ಚಿತ್ರದುರ್ಗದ ನಮ್ಮ ಫಾರ್ಮಸಿ ಕಾಲೇಜಿನಲ್ಲಿ ಔಷಧಿ ಗಿಡಗಳ ಪಾಠ ಮಾಡುತ್ತಿದ್ದರು. ಗ್ರಂಥಿಗೆ ಅಂಗಡಿಯಿಂದ ತಂದ ಬೇರು, ತೊಗಟೆ, ಬೀಜಗಳಲ್ಲಿ ಅಸಲಿ ಯಾವುದು, ಅದರ ವೇಷ ಹಾಕಿಕೊಂಡು ಬಂದದ್ದು ಯಾವುದು ಎಂದು ಕಂಡುಹಿಡಿಯುವ ವಿದ್ಯೆ ಅದು. ನಾನು ಮೊದಲು ಅವರ ವಿದ್ಯಾರ್ಥಿ, ಆಮೇಲೆ ಅದೇ ವಿಭಾಗದಲ್ಲಿ ಅವರ ಕೈಕೆಳಗಿನ ಉಪನ್ಯಾಸಕ.

ಏನೇ ಕೈಗೆ ಬಂದರೂ ಮೊದಲು ಮೂಸುವುದು ಅವರ ಪದ್ಧತಿ. ಮೂಸಿ, ಹೆಬ್ಬೆರಳಿನ ಉಗುರಿನಿಂದ ಗೀರಿ, ಮತ್ತೆ ಮೂಸಿ, ಕಿಟಕಿಯ ಬೆಳಕಿಗೆ ಹಿಡಿದು, "ಇರ್ಲಿ, ನೋಡಾಣ" ಎನ್ನುತ್ತಿದ್ದರು. ಆ 'ನೋಡಾಣ'ದಲ್ಲಿ ಒಪ್ಪಿಗೆ ಇರುತ್ತಿರಲಿಲ್ಲ, ತಿರಸ್ಕಾರವೂ ಇರುತ್ತಿರಲಿಲ್ಲ, ವಿಚಾರಣೆ ಇರುತ್ತಿತ್ತು. ಕ್ಯಾಂಟೀನಿನ ಟೀ, ಹಬ್ಬಕ್ಕೆ ಸಹೋದ್ಯೋಗಿಗಳು ಕೊಟ್ಟ ಹೋಳಿಗೆ, ಮದುವೆ ಕರೆಯಲು ಬಂದವರು ಇಟ್ಟ ಅರಿಶಿನ ಕುಂಕುಮ, ಯಾವುದಕ್ಕೂ ರಿಯಾಯಿತಿ ಇಲ್ಲ. ದಿನಸಿ ಅಂಗಡಿಯಲ್ಲಿ ಒಂದು ಲೋಟ ನೀರು ಕೇಳಿ, ಅದಕ್ಕೆ ನಾಲ್ಕು ಮೆಣಸಿನ ಕಾಳು ಹಾಕಿ, ತೇಲಿದ್ದನ್ನು ಬೆರಳಲ್ಲಿ ಎತ್ತಿ, "ಇದು ಪರಂಗಿ ಬೀಜ ಕಣಪ್ಪ" ಎಂದು ಮಾಲೀಕನ ಎದುರೇ ಇಡುತ್ತಿದ್ದರು. ಅವನು ಒಮ್ಮೆ ನನ್ನ ಹತ್ತಿರ, "ಮೇಡಂ ಬರ್ತಾರೆ ಅಂದ್ರೆ ಸಾರ್, ನನ್ ಸಾಮಾನು ನಾನೇ ಒಂದ್ಸಲ ಮೂಸಿ ನೋಡ್ಕಂತೀನಿ" ಎಂದು ಅಲವತ್ತುಕೊಂಡಿದ್ದ.

ಪುಡಿ ಎಂದರೆ ಅವರಿಗೆ ಆಗುತ್ತಲೇ ಇರಲಿಲ್ಲ. ಮನೆಗೆ ಖಾರದ ಪುಡಿಯನ್ನೂ ಕೊಂಡು ತಂದವರಲ್ಲ. "ಬೇರಿಗೆ ಒಂದು ಮುಖ ಐತೆ, ತೊಗಟೆಗೆ ಒಂದು ಮುಖ ಐತೆ. ಪುಡಿಗೆ ಮುಖ ಇಲ್ಲ. ಮುಖ ಇಲ್ದೋರನ್ನ ಮನೆಯೊಳಗೆ ಕರ್ಕಂತೀರಾ?" ಎಂದು ತರಗತಿಯಲ್ಲಿ ಕೇಳುತ್ತಿದ್ದರು. ಹುಡುಗರು ನಗುತ್ತಿದ್ದರು. ರಜೆ ಕೇಳಲು ಹೋದಾಗ ಮಾತ್ರ ಅವರ ನಗು ಅಡಗುತ್ತಿತ್ತು. ಅಜ್ಜಿ ತೀರಿಕೊಂಡರು ಎಂದು ಅರ್ಜಿ ಹಿಡಿದು ನಿಂತವನಿಗೆ, "ಅಪ್ಪನ ತಾಯಿಯೋ, ಅಮ್ಮನ ತಾಯಿಯೋ? ಹೋದ ವರ್ಷ ಹೋದೋರು ಯಾರು? ಇನ್ನೊಬ್ಬ ಅಜ್ಜಿ ಉಳಿದಿದ್ರೆ ಆರೋಗ್ಯ ನೋಡ್ಕಳಪ್ಪ, ಮುಂದೆ ಪರೀಕ್ಷೆ ಬರತೈತೆ" ಎನ್ನುತ್ತಿದ್ದರು.

ಹಾಗೆಂದು ತಮ್ಮನ್ನು ಅನುಮಾನಿಸಿದರೆ ಅವರಿಗೆ ಬೇಸರವಿರಲಿಲ್ಲ. ಒಮ್ಮೆ ಗಿಡಗಳ ಮಾದರಿ ತರಲು ಜೋಗಿಮಟ್ಟಿಯ ಆಚೆ ಹೋಗಿದ್ದೆವು. ಮೇಡಂ ಕುಕ್ಕರಗಾಲಲ್ಲಿ ಕುಳಿತು ಚಿಕ್ಕ ಗುದ್ದಲಿಯಿಂದ ಬೇರು ಕೀಳುತ್ತಿದ್ದರು. ನಮ್ಮ ಸೀಮೆಯಲ್ಲಿ ಕಲ್ಲುಗುಡ್ಡದ ಹತ್ತಿರ ಯಾರು ನೆಲ ಅಗೆದರೂ ನಿಧಿ ತೆಗೆಯುವವರು ಎಂದೇ ಲೆಕ್ಕ. ಕುರಿ ಮೇಯಿಸುತ್ತಿದ್ದವರು ಕೋಲು ಹಿಡಿದು ಸುತ್ತ ನಿಂತರು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಮೇಡಂ ಮಾತ್ರ ಸಂತೋಷದಿಂದ ಎದ್ದು ನಿಂತು, "ಸರಿಯಾಗಿ ಅನುಮಾನ ಪಟ್ರಿ. ಚೀಲ ಬಿಚ್ಚಿ ನೋಡ್ರಿ. ಗುರುತಿನ ಚೀಟಿ ನೋಡದೆ ಬಿಡಬ್ಯಾಡ್ರಿ. ಆ ಚೀಟಿನೂ ಸುಳ್ಳು ಇರಬೋದು, ಕಾಲೇಜಿಗೆ ಫೋನ್ ಹಚ್ಚಿ ಕೇಳ್ರಿ" ಎಂದರು. ಇಷ್ಟು ಸಹಾಯ ಮಾಡುವ ಕಳ್ಳರನ್ನು ಅವರು ನೋಡಿರಲಿಲ್ಲವೆಂದು ಕಾಣುತ್ತದೆ. ಕೊನೆಗೆ ಅವರಲ್ಲೊಬ್ಬ ಹಿರಿಯ ತನ್ನ ಬುತ್ತಿಯ ರೊಟ್ಟಿ ಕೊಟ್ಟ. ಮೇಡಂ ಅದನ್ನೂ ಮೂಸಿಯೇ ತಿಂದರು.

ಅವರ ಒಂದು ಪಾಠಕ್ಕೆ ಬೇರೆ ತರಗತಿಯವರೂ ಬಂದು ಹಿಂದಿನ ಬೆಂಚಿನಲ್ಲಿ ಇಕ್ಕಟ್ಟಾಗಿ ಕೂರುತ್ತಿದ್ದರು. ಅದು ಕಲಬೆರಕೆಯ ಪಾಠ. ಆ ದಿನ ಮೇಡಂ ಕಳ್ಳ ವೈದ್ಯನ ಪಾತ್ರ ಮಾಡುತ್ತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮೇಜಿನ ಹಿಂದೆ ಕೂತು, "ಬರ್ರಿ, ಕುಂತ್ಕಳ್ರಿ. ಮಂಡಿನೋವಾ? ಮೂರು ದಿನದಾಗೆ ಓಡಾಡಂಗೆ ಮಾಡ್ತೀನಿ" ಎಂದು ಶುರು ಮಾಡುತ್ತಿದ್ದರು. ಸೊಪ್ಪಿನ ಪುಡಿಯೊಳಗೆ ಸ್ಟೀರಾಯ್ಡ್ ಮಾತ್ರೆ ಅರೆದು ಸೇರಿಸಿದರೆ ನೋವು ಹೇಗೆ ಮಾಯವಾಗುತ್ತದೆ, ಹಿಂದಿನಿಂದ ಸಕ್ಕರೆ ಕಾಯಿಲೆ ಹೇಗೆ ಬರುತ್ತದೆ, ಮೂಳೆ ಹೇಗೆ ಸವೆಯುತ್ತದೆ, ಗಾಯ ಹೇಗೆ ಮಾಯದೆ ಉಳಿಯುತ್ತದೆ ಎಂದು ಹೇಳುತ್ತಿದ್ದರು. ಆಮೇಲೆ ದನಿ ತಗ್ಗಿಸಿ, "ಆ ಮಾತ್ರೆಗೆ ಹೊಟ್ಟೆ ಉರಿ ಬರತೈತೆ. ಗಿರಾಕಿ ಓಡೋಗ್ತಾನೆ. ನಾನೇನಾರ ಕಳ್ಳಿಯಾಗಿದ್ರೆ ಜೊತೆಗೊಂದು ಗ್ಯಾಸಿನ ಮಾತ್ರೆನೂ ಅರೀತಿದ್ದೆ. ಅಷ್ಟು ಬುದ್ಧಿ ಇರೋ ಕಳ್ಳ ನನಗಿನ್ನೂ ಸಿಕ್ಕಿಲ್ಲ. ನಿಮಗೆ ಸಿಕ್ರೆ ಹಿಡ್ಕಂಡು ಬರ್ರಿ" ಎನ್ನುತ್ತಿದ್ದರು. ಇಡೀ ಕೊಠಡಿ ಗೊಳ್ಳೆಂದು ನಗುತ್ತಿತ್ತು. ಒಂದು ಕಾಲದಲ್ಲಿ ಹಾಗೆ ನಕ್ಕವರಲ್ಲಿ ನಾನೂ ಇದ್ದೆ.

ನನ್ನ ಮನೆ ಹೊಳಲ್ಕೆರೆ. ಅಲ್ಲಿಂದ ದಿನವೂ ಬಸ್ಸಿನಲ್ಲಿ ಕಾಲೇಜಿಗೆ ಓಡಾಟ. ನಮ್ಮ ಅವ್ವನಿಗೆ ಮಂಡಿನೋವು ಹಿಡಿದು ಹಾಸಿಗೆಯಿಂದ ಹಿತ್ತಿಲಿಗೆ ಹೋಗಲೂ ಗೋಡೆ ಹಿಡಿಯಬೇಕಾಗಿತ್ತು. ಡಾಕ್ಟರುಗಳಾದರು, ಎಣ್ಣೆಗಳಾದವು. ಯಾರೋ ಹೇಳಿದರೆಂದು ಮತ್ತೋಡಿನ ಆಚೆಯ ಹಳ್ಳಿಯೊಂದರಲ್ಲಿ ನಾಟಿ ಮದ್ದು ಕೊಡುವ ಅಜ್ಜನ ಹತ್ತಿರ ಕರೆದುಕೊಂಡು ಹೋದೆ. ಅಜ್ಜ ಕುರಿ ಸಾಕುವ ಮನೆಯವರು. ಲಕ್ಕಿಸೊಪ್ಪು, ಮಂಗರಬಳ್ಳಿ ಹಾಕುತ್ತಾರೆ ಎಂಬುದು ಊರಿಗೆಲ್ಲ ಗೊತ್ತು. ಇನ್ನೊಂದು ಬೇರಿನ ಗುಟ್ಟು ಮಾತ್ರ ಅಜ್ಜನದೇ. ಅದನ್ನು ಕೀಳುವಾಗ ಅವರು ಯಾರೊಡನೆಯೂ ಮಾತಾಡುವುದಿಲ್ಲ, ಅದರ ಹೆಸರನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳಿದರೆ ಮದ್ದು ಕೆಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇವತ್ತಿಗೂ ಇದೆ. ಪುಡಿಯನ್ನು ಪೊಟ್ಟಣ ಕಟ್ಟಿ ಊರೂರಿಗೆ ತಲುಪಿಸುವ ಕೆಲಸ ಮಗ ಮಂಜುನಾಥನದು. ಅವನು ನಮ್ಮ ಕಾಲೇಜಿನಲ್ಲೇ ಓದಿ ಹೊಸದುರ್ಗದಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿದ್ದ.

ಒಂದು ವಾರ ಕಳೆಯುವುದರೊಳಗೆ ಅವ್ವ ಗೋಡೆ ಬಿಟ್ಟಳು. ಇನ್ನು ಸ್ವಲ್ಪ ದಿನಕ್ಕೆ ಸಂತೆಗೂ ಹೊರಟಳು. ಒಣಗಿದ ಕೆನ್ನೆ ತುಂಬಿಕೊಂಡಿತು. ನೆಂಟರೆಲ್ಲ, "ಏನಕ್ಕಾ, ಮದುಮಗಳಂಗೆ ಆಗಿದೀಯ" ಎಂದು ಚುಡಾಯಿಸುತ್ತಿದ್ದರು. ನಾನು ಆಗ ಪಿಎಚ್‌.ಡಿ.ಗೆ ವಿಷಯ ಹುಡುಕುತ್ತಿದ್ದೆ. ಮನೆಯಲ್ಲೇ ಇಂಥ ಪವಾಡ ಓಡಾಡುತ್ತಿರುವಾಗ ಬೇರೆ ಕಡೆ ಯಾಕೆ ಹುಡುಕಬೇಕು? ಆ ಪುಡಿಯಲ್ಲಿ ಕೆಲಸ ಮಾಡುವ ಅಂಶ ಯಾವುದೆಂದು ಕಂಡುಹಿಡಿದು, ಅದರಿಂದ ಒಂದು ಔಷಧಿ ಬಂದರೆ ಎಂಬ ಆಸೆಯಿಂದ ಮೇಡಂ ಎದುರು ನಿಂತೆ. ನನ್ನ ಮಾರ್ಗದರ್ಶಕರು ಅವರೇ.

"ಎಷ್ಟು ದಿನಕ್ಕೆ ಗುಣ ಆತು?" ಎಂದು ಕೇಳಿದರು.

"ವಾರದೊಳಗೆ ಮೇಡಂ."

ಕನ್ನಡಕ ಹಣೆಯ ಮೇಲೇರಿತು. "ಅಷ್ಟು ಅವಸರ ಇರೋ ಬೇರು ನಾನು ಕಂಡಿಲ್ಲಪ್ಪ. ಹಾಕೋದು ಏನಂತೆ?"

ಹೆಸರು ಹೇಳಬಾರದೆಂಬ ಕಟ್ಟಲೆಯನ್ನು ವಿವರಿಸಿದೆ. "ಹೆಸರು ಹೇಳಬಾರದು ಅನ್ನೋ ಜಾಗದಾಗೆ ಯಾರು ಬೇಕಾದ್ರೂ ಬಂದು ಕುಂತ್ಕಬೋದು" ಎಂದರು. ಆಮೇಲೆ, "ಪೊಟ್ಟಣ ಕಟ್ಟೋರು ಯಾರು?" ಎಂದರು. ಮಂಜುನಾಥ, ನಿಮ್ಮ ವಿದ್ಯಾರ್ಥಿ ಎಂದೆ. ಅವರ ಮುಖ ಸಡಿಲವಾಯಿತು. "ಅವನಾ? ಒಳ್ಳೆ ಹುಡುಗ. ಮೈಕ್ರೋಸ್ಕೋಪ್ ಮುಂದೆ ಕುಂತ್ರೆ ಏಳ್ತಿರಲಿಲ್ಲ. ಅವನ ಕೈಯಾಗೆ ಇದ್ರೆ ಬಿಡು." ಮೇಡಂ ಮೂಸಿ ನೋಡದೆ ಒಪ್ಪಿಕೊಂಡ ಹೆಸರು ನಾನು ಕಂಡಂತೆ ಅದೊಂದೇ.

ಆದರೂ ಒಂದು ಭಾನುವಾರ ಹೇಳದೆ ಕೇಳದೆ ನಮ್ಮ ಮನೆಗೆ ಬಂದರು. ಅವ್ವ ಸಡಗರದಿಂದ ಓಡಾಡಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟಳು. ಮೇಡಂ ತಟ್ಟೆಯನ್ನು ಮೂಸಲಿಲ್ಲ. ಅವರು ನೋಡುತ್ತಿದ್ದುದು ಅವ್ವನ ಮುಖವನ್ನು. ಗೋಡೆಯ ಮೇಲೆ ನನ್ನ ಮದುವೆಯ ಫೋಟೋ ಇತ್ತು. ಅದರಲ್ಲಿ ಅವ್ವನ ಕೆನ್ನೆ ಒಳಗೆ ಹೋಗಿ, ಮೂಗು ಎದ್ದು ಕಾಣುತ್ತಿತ್ತು. ಮೇಡಂ ಎದ್ದು ಫೋಟೋ ನೋಡಿದರು, ತಿರುಗಿ ಅವ್ವನನ್ನು ನೋಡಿದರು, ಮತ್ತೆ ಫೋಟೋ ನೋಡಿದರು.

"ಅಮ್ಮ, ಯಾವಾಗಿಂದ ಮುಖ ಹಿಂಗೆ ದುಂಡಗೆ ಆಗೈತೆ?"

"ಅಜ್ಜನ ಮದ್ದು ಮೈಗೆ ಹಿಡಿದ್ಮ್ಯಾಲೆ ಕಣ್ರಿ. ಉಣ್ಣದು ಸೇರತೈತೆ."

"ಕೈಕಾಲು ತುಂಬಿಲ್ಲ. ಮುಖ ಮಾತ್ರ ತುಂಬೈತೆ" ಎಂದರು ಮೇಡಂ. ಆಮೇಲೆ ಅವ್ವನ ಕಾಲ ಬಳಿ ಕುಳಿತು, ಹಿಮ್ಮಡಿಯ ಮೇಲೆ ಬಹಳ ದಿನದಿಂದ ಮಾಯದೆ ಇದ್ದ ಗಾಯವನ್ನು ನೋಡಿ, ಪುಡಿಯ ಡಬ್ಬಿ ಕೇಳಿದರು. ಅವ್ವ ಡಬ್ಬಿ ಖಾಲಿಯಾಗಿದೆ ಎಂದಳು. ಖಾಲಿಯಾಗಿರಲಿಲ್ಲ. ಮೇಡಂ ಹೋದ ಮೇಲೆ ನನ್ನ ಮೇಲೆ ಹರಿಹಾಯ್ದಳು. "ನಿಮ್ ಮೇಡಮ್ಮಿಗೆ ಅಜ್ಜನ ಮದ್ದಿನ ಮ್ಯಾಲೆ ಕಣ್ಣು ಬಿದ್ದೈತೆ. ನಾನು ನಡೆಯೋದು ಅವರಿಗೆ ಯಾಕ ಬ್ಯಾಡವಾಗೈತೋ ಕಾಣೆ. ಮೂಸೋ ಜಾತಿ ನಂಬಬ್ಯಾಡ ನೀನು."

ಸುಳ್ಳೇಕೆ, ನನಗೂ ಮೇಡಂ ಮೇಲೆ ಅನುಮಾನ ಹುಟ್ಟಿತು. ದೊಡ್ಡ ಔಷಧಿ ಸಿಗುವ ಸೂಚನೆ ಕಂಡಾಗ ಮಾರ್ಗದರ್ಶಕರು ವಿದ್ಯಾರ್ಥಿಯನ್ನು ಬದಿಗೆ ಸರಿಸಿ ತಾವೇ ಮುಂದೆ ಬಂದ ಕತೆಗಳನ್ನು ನಾನೂ ಕೇಳಿದ್ದೆ. ಅಡುಗೆಮನೆಯ ಡಬ್ಬಿಯಿಂದ ಒಂದು ಚಮಚ ತೆಗೆದುಕೊಂಡು ಹೋಗಿ ಕೊಟ್ಟಾಗ ಮೇಡಂ ಅದನ್ನು ಲ್ಯಾಬಿನ ಕಪಾಟಿನಲ್ಲಿ ಇಡದೆ ತಮ್ಮ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡರು. ಕೇಳಿದರೆ, "ಲ್ಯಾಬಿಗೆ ನಾಲ್ಕು ಬೀಗದಕೈ ಅವೆ, ಬ್ಯಾಗಿಗೆ ಒಂದೇ" ಎಂದರು. ಆ ನಾಲ್ಕರಲ್ಲಿ ಒಂದು ನನ್ನದು. ಅವ್ವ ಹೇಳಿದ್ದು ಸರಿಯಿರಬಹುದೇ ಎಂದುಕೊಂಡು ಆ ರಾತ್ರಿ ನೆಮ್ಮದಿಯಿಂದ ಉಣ್ಣಲಾಗಲಿಲ್ಲ.

ಮಾರನೆಯ ಬೆಳಿಗ್ಗೆ ಮೇಡಂ ನನ್ನನ್ನು ಲ್ಯಾಬಿಗೆ ಕರೆದರು. ಮೊದಲು ಸೂಕ್ಷ್ಮದರ್ಶಕದಲ್ಲಿ ನೋಡಿಸಿದರು. ಲಕ್ಕಿಸೊಪ್ಪು ಇತ್ತು, ಮಂಗರಬಳ್ಳಿ ಇತ್ತು, ಗುರುತು ಸಿಗದ ಇನ್ನೊಂದು ಬೇರಿನ ಚೂರೂ ಇತ್ತು, ಅಜ್ಜನ ಗುಟ್ಟು ಅದೇ ಇರಬೇಕು. ಎಲ್ಲ ಗಿಡದ್ದೇ. ನನ್ನ ಉಸಿರು ಹಗುರಾಯಿತು. "ಸಮಾಧಾನ ಆತಾ? ಈಗ ಬಾ" ಎಂದು ಇನ್ನೊಂದು ಮೇಜಿಗೆ ಕರೆದರು. ಪುಡಿಯ ಸಾರ ತೆಗೆದು, ಲೇಪನ ಹಾಕಿದ ಗಾಜಿನ ತಟ್ಟೆಯ ಮೇಲೆ ಒಂದು ಚುಕ್ಕಿ ಇಟ್ಟು, ಪಕ್ಕದಲ್ಲೇ ಶುದ್ಧ ಸ್ಟೀರಾಯ್ಡಿನ ಇನ್ನೊಂದು ಚುಕ್ಕಿ ಇಟ್ಟಿದ್ದರು. ದ್ರಾವಣ ಮೇಲೇರಿದಂತೆ ಪ್ರತಿ ವಸ್ತುವೂ ತನ್ನ ತನ್ನ ಎತ್ತರಕ್ಕೆ ಹೋಗಿ ನಿಲ್ಲುತ್ತದೆ. ಒಂದೇ ಎತ್ತರದಲ್ಲಿ ನಿಂತರೆ ಎರಡೂ ಒಂದೇ ಇರಬಹುದೆಂದು ಅನುಮಾನ. ಕತ್ತಲೆಯ ಪೆಟ್ಟಿಗೆಯೊಳಗೆ ನೇರಳೆ ದೀಪ ಹಾಕಿದರು. ಅವ್ವನ ಪುಡಿಯಿಂದೊಂದು, ಸ್ಟೀರಾಯ್ಡಿನಿಂದೊಂದು, ಎರಡು ಕಪ್ಪು ಚುಕ್ಕಿಗಳು ಅಕ್ಕಪಕ್ಕ ಒಂದೇ ಸಾಲಿನಲ್ಲಿ ನಿಂತಿದ್ದವು.

ನಾನು ಬ್ಯಾಗು ಎತ್ತಿಕೊಂಡೆ. ಮನೆಗೆ ಹೋಗಿ ಆ ಡಬ್ಬಿಯನ್ನು ಬಚ್ಚಲಿಗೆ ಸುರಿಯಬೇಕೆಂಬುದೊಂದೇ ತಲೆಯಲ್ಲಿತ್ತು. ಮೇಡಂ ನನ್ನ ತೋಳು ಹಿಡಿದರು. ಅಷ್ಟು ವರ್ಷದಲ್ಲಿ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು.

"ಚೆಲ್ಲಬ್ಯಾಡ. ಇಷ್ಟು ದಿನ ಹೊರಗಿಂದ ಬಂದಿದ್ದಕ್ಕೆ ಮೈ ತನ್ನ ಕೆಲಸ ಮರೆತಿರತೈತೆ. ದಿಢೀರಂತ ನಿಲ್ಸಿದ್ರೆ ಜೀವಕ್ಕೇ ಬರತೈತೆ. ಇವತ್ತೇ ಅಮ್ಮನ್ನ ಒಳ್ಳೆ ಡಾಕ್ಟರ್ ಹತ್ರ ಕರ್ಕಂಡು ಹೋಗು, ಈ ತಟ್ಟೆ ವಿಷಯ ಹೇಳು. ಅವರು ಲೆಕ್ಕ ಹಾಕಿ ಸ್ವಲ್ಪ ಸ್ವಲ್ಪನೇ ಇಳಿಸ್ತಾರೆ. ನಾನು ಇದನ್ನ ಬೇರೆ ಯಂತ್ರದಾಗೂ ಹಾಕಿಸಿ ಖಾತ್ರಿ ಮಾಡ್ಕಂತೀನಿ."

ಹೊರಡುವ ಮುಂಚೆ ಇನ್ನೊಮ್ಮೆ ಪೆಟ್ಟಿಗೆಯೊಳಗೆ ಇಣುಕಿದೆ. ಪುಡಿಯ ಸಾಲಿನಲ್ಲಿ ಕೆಳಗೆ ಇನ್ನೊಂದು ಚುಕ್ಕಿ ಕಂಡಿತು. ಅದಕ್ಕೆ ಪಕ್ಕದಲ್ಲಿ ಜೋಡಿ ಇರಲಿಲ್ಲ. ಇದೇನು ಮೇಡಂ ಎಂದೆ. ಅವರು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಬ್ಯಾಗು ತೆರೆದು, ತಾವು ದಿನವೂ ನುಂಗುತ್ತಿದ್ದ ಗ್ಯಾಸಿನ ಮಾತ್ರೆಯ ಪಟ್ಟಿಯಿಂದ ಒಂದನ್ನು ಬಿಡಿಸಿ, ಅರೆದು, ಹೊಸ ತಟ್ಟೆಯ ಮೇಲೆ ಪುಡಿಯ ಚುಕ್ಕಿಯ ಪಕ್ಕ ಅದರ ಚುಕ್ಕಿ ಇಟ್ಟರು. ದ್ರಾವಣ ಏರುವ ತನಕ ಕಾದೆವು. ದೀಪ ಹಾಕಿದಾಗ ಆ ಚುಕ್ಕಿಗೂ ಜೋಡಿ ಸಿಕ್ಕಿತ್ತು.

ಮೇಡಂ ಸ್ಟೂಲಿನ ಮೇಲೆ ಕುಳಿತರು. "ಇದು ಬೇರೆ ಯಾರ ಬುದ್ಧಿನೂ ಅಲ್ಲ. ನನ್ನ ಪಾಠ ಇದು" ಎಂದರು.

ಆ ಕೊಠಡಿಯಲ್ಲಿ ಕೇಳಿದ್ದ ನಗುವೆಲ್ಲ ನನ್ನ ಕಿವಿಗೆ ಬಂತು. ನಮ್ಮ ನಡುವೆ ಕೂತು ನಗದೆ ಇದ್ದ ಒಬ್ಬನಿದ್ದನೇ ಎಂದು ನೆನಪಿಸಿಕೊಳ್ಳಲು ನೋಡಿದೆ. ಆದರೆ ಮಂಜುನಾಥ ನನ್ನ ನಂತರದ ತಂಡದವನು. ಅವನು ನಕ್ಕಿದ್ದನೋ ಇಲ್ಲವೋ ಮೇಡಂಗೆ ಮಾತ್ರ ಗೊತ್ತು.

ಎರಡನೆಯ ಯಂತ್ರವೂ ಅದನ್ನೇ ಹೇಳಿದ ಮೇಲೆ, ನಾವಿಬ್ಬರೂ ಮತ್ತೋಡಿನ ಆಚೆಯ ಆ ಹಳ್ಳಿಗೆ ಹೋದೆವು. ಅಜ್ಜ ಜಗಲಿಯ ಮೇಲೆ ಕಂಬಳಿ ಹಾಸಿ ಕೂತಿದ್ದರು. ಎದುರಿಗೆ ಮದ್ದಿಗಾಗಿ ಕಾದ ಜನ. ಹೆಂಗಸರು ಮಂಡಿ ತಿಕ್ಕಿಕೊಳ್ಳುತ್ತಾ ಕೂತಿದ್ದರು. ಅವರಲ್ಲಿ ಸ್ಟೀರಾಯ್ಡ್ ಊದಿಸಿದ ದುಂಡಗಿನ ಮುಖಗಳು ಎಷ್ಟಿವೆ ಎಂದು ಮೇಡಂ ಕಣ್ಣಾಡಿಸಿದ್ದು ನನಗೆ ಗೊತ್ತಾಯಿತು. ಮಂಜುನಾಥ ಒಳಗಿನಿಂದ ಬಂದು ಮೇಡಂ ಕಾಲಿಗೆ ಬಗ್ಗಿದ. ಅವರು ಕಾಲು ಹಿಂದೆ ಎಳೆದುಕೊಂಡರು. ಅಷ್ಟರಲ್ಲೇ ಅವನಿಗೆ ತಿಳಿಯಿತು.

"ಎರಡೂ ಚುಕ್ಕಿ ನೋಡಿದೆ ಮಂಜುನಾಥ" ಎಂದರು ಮೇಡಂ. "ಮ್ಯಾಲಿಂದು ಯಾರು ಬೇಕಾದ್ರೂ ಹಾಕ್ತಿದ್ರು. ಕೆಳಗಿಂದು ನನ್ ಕ್ಲಾಸಿನಾಗೆ ಕುಂತೋನೇ ಹಾಕ್ಬೇಕು."

ಅವನು ಇಲ್ಲ ಎನ್ನಲಿಲ್ಲ. "ಅಪ್ಪನ ಮದ್ದು ನಿಧಾನ ಮೇಡಂ. ಜನ ಮೆಡಿಕಲ್ ಸ್ಟೋರಿಗೆ ಬಂದು ನೋವಿನ ಮಾತ್ರೆ ತಗಂಡು ಹೋಗ್ತಿದ್ರು, ಈ ಜಗಲಿಗೆ ಬರೋದು ಬಿಟ್ರು. ಅಪ್ಪ ಬೆಳಿಗ್ಗೆಯಿಂದ ಸಂಜೆತನಕ ಖಾಲಿ ಜಗಲಿ ಕಾಯ್ಕಂತ ಕುಂತಿರ್ತಿದ್ದ. ನೋಡಕ್ಕಾಗ್ತಿರಲಿಲ್ಲ. ಸ್ವಲ್ಪ ದಿನ ಹಾಕಿ ನಿಲ್ಲಿಸಾಣ ಅಂದ್ಕಂಡೆ. ಜನ ವಾಪಸ್ ಬಂದ್ರು. ಆಮೇಲೆ ನಿಲ್ಸಕ್ಕೆ ಆಗ್ಲಿಲ್ಲ." ಆಮೇಲೆ, "ಹೊಟ್ಟೆಗೆ ತೊಂದ್ರೆ ಆಗಬಾರ್ದು ಅಂತ ಅದನ್ನೂ ಹಾಕ್ದೆ. ನೀವೇ ಹೇಳಿದ್ರಲ್ಲ ಮೇಡಂ" ಎಂದ.

ಅಜ್ಜನಿಗೆ ಕಿವಿ ಮಂದವಲ್ಲ. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ತಮ್ಮ ಬಲಗೈಯನ್ನು ಮಡಿಲಿನಲ್ಲಿಟ್ಟುಕೊಂಡು ನೋಡುತ್ತಿದ್ದರು. "ನನ್ ಕೈಗುಣ ತಿರುಗಿ ಬಂತು ಅಂದ್ಕಂಡಿದ್ದೆ ಕಣೋ. ಮಲ್ಕಂಬೋವಾಗ ಈ ಕೈಗೆ ಮುತ್ತು ಕೊಟ್ಕಂಡು ಮಲ್ಕಂತಿದ್ದೆ. ಹಂಗಾರೆ ಇದರದ್ದಲ್ಲವಾ ಅದು?" ಎಂದು ಮಗನನ್ನು ಕೇಳಿದರು. ನನಗೆ ಅವನ ಮೇಲಿದ್ದ ಸಿಟ್ಟು ಹೋಗಲಿಲ್ಲ. ಆದರೆ ಆ ಪ್ರಶ್ನೆ ಕೇಳಿದ ಮೇಲೆ ಅವನಿಗೆ ಕೊಡಲು ನನ್ನ ಹತ್ತಿರ ಬೇರೆ ಶಿಕ್ಷೆಯೂ ಉಳಿಯಲಿಲ್ಲ.

ಅಜ್ಜ ಮೇಡಂ ಕಡೆ ತಿರುಗಿ, "ಹತ್ರ ಬಾ ತಾಯಿ. ಮದ್ದು ಆಗ್ಲೇ ಕೆಟ್ಟೈತೆ. ಇನ್ನು ಹೆಸರು ಮುಚ್ಚಿಟ್ಕಂಡು ಏನ್ ಮಾಡ್ಲಿ" ಎಂದು, ಮಗನಿಗೂ ಹೇಳದಿದ್ದ ಆ ಬೇರಿನ ಹೆಸರನ್ನು ಅವರ ಕಿವಿಯಲ್ಲಿ ಹೇಳಿದರು. ಮೇಡಂ ಕಣ್ಣು ಒದ್ದೆಯಾದದ್ದನ್ನು ನಾನು ನೋಡಿದೆ. ಯಾರ ಮಾತನ್ನೂ ನಂಬದ ಹೆಂಗಸಿಗೆ, ಇಡೀ ಬದುಕು ಯಾರಿಗೂ ಹೇಳದವರು ಒಂದು ಮಾತು ನಂಬಿ ಕೊಟ್ಟಿದ್ದರು.

ದಾರಿಯಲ್ಲಿ ಬರುವಾಗ ಆ ಹೆಸರೇನೆಂದು ಕೇಳಿದೆ. ನನ್ನ ಸಂಶೋಧನೆಯೇ ಅದರ ಮೇಲಲ್ಲವೇ? "ನಿನ್ ಮ್ಯಾಲೆ ನನಗಿನ್ನೂ ಅನುಮಾನ ಐತೆ" ಎಂದರು. ತಮಾಷೆಯೋ ನಿಜವೋ ಇವತ್ತಿಗೂ ತಿಳಿದಿಲ್ಲ. ನನಗೆ ಬೇರೆ ವಿಷಯ ಕೊಡಿಸಿದರು. ಅಜ್ಜ ಎದುರಿಗೇ ಕುಟ್ಟಿಕೊಟ್ಟ ಅಸಲಿ ಪುಡಿಯ ಮೇಲೆ ತಾವೇ ಆಗಾಗ ಕೆಲಸ ಮಾಡುತ್ತಿದ್ದರು. ಏನಾಯಿತು ಎಂದು ಕೇಳಿದರೆ, "ಸ್ವಲ್ಪ ಕೆಲಸ ಮಾಡಂಗೆ ಕಾಣತೈತೆ. ನಿಧಾನಕ್ಕೆ. ನಂಬಬೋದಾದಷ್ಟು ನಿಧಾನ" ಎನ್ನುತ್ತಿದ್ದರು. ಅದನ್ನು ಎಲ್ಲಿಯೂ ಪ್ರಕಟಿಸಲಿಲ್ಲ. ಪ್ರಕಟಿಸಿದರೆ ಹೆಸರು ಹೇಳಬೇಕಾಗುತ್ತಿತ್ತು.

ಮಂಜುನಾಥನನ್ನು ಅವರು ಸುಮ್ಮನೆ ಬಿಡಲಿಲ್ಲ. ಔಷಧ ನಿಯಂತ್ರಣದವರಿಗೆ ತಾವೇ ದೂರು ಕೊಟ್ಟರು, ಅವನ ಅಂಗಡಿಯ ಬಾಗಿಲು ಮುಚ್ಚಿತು. ಪುಡಿ ಕೊಟ್ಟ ಮನೆಗಳಿಗೆಲ್ಲ ಅವನೇ ಹೋಗಿ, ಅದರಲ್ಲಿ ಏನಿತ್ತು ಎಂದು ಬಾಯಿ ಬಿಟ್ಟು ಹೇಳಿ, ಅವರನ್ನು ಡಾಕ್ಟರ ಹತ್ತಿರ ಕಳಿಸುವಂತೆ ಮಾಡಿದರು. ಅವನು ನಮ್ಮ ಮನೆಗೂ ಬಂದ. ಅವ್ವ ಎಲ್ಲವನ್ನೂ ಕೇಳಿ, "ಉಂಡ್ಯೇನಪ್ಪ?" ಎಂದಳು. ಅವನಿಗೆ ಅಳು ಬಂತು.

ಅವ್ವನ ಔಷಧಿ ಇಳಿಸಲು ತಿಂಗಳುಗಳೇ ಹಿಡಿದವು. ನಡುವೆ ಎರಡು ಸಲ ತಲೆಸುತ್ತಿ ಬಿದ್ದಳು. ಹಿಮ್ಮಡಿಯ ಗಾಯ ಮಾಯಿತು, ಆ ಪುಡಿಯಿಂದ ಏರಿದ್ದ ಸಕ್ಕರೆ ಹತೋಟಿಗೆ ಬಂತು. ಮುಖ ಮತ್ತೆ ಮದುವೆಯ ಫೋಟೋದಲ್ಲಿದ್ದ ಮುಖವಾಯಿತು. ಮಂಡಿನೋವೂ ಮರಳಿ ಬಂತು. "ನಿಮ್ ಮೇಡಂ ನನ್ ಮುಖ ಕಸ್ಕಂಡು ನನ್ ನೋವು ನನಗೇ ವಾಪಸ್ ಕೊಟ್ಟೋದ್ಳು" ಎಂದು ಬಂದವರ ಎದುರೆಲ್ಲ ಹೇಳುತ್ತಿದ್ದಳು. ಆದರೆ ಮೇಡಂ ನಿವೃತ್ತರಾದ ದಿನ, ತಾನೇ ಕುಟ್ಟಿದ ಖಾರದ ಪುಡಿಯ ಡಬ್ಬಿಯನ್ನು ನನ್ನ ಕೈಲಿ ಕೊಟ್ಟು ಕಳಿಸಿದಳು. ಮೇಡಂ ಮುಚ್ಚಳ ತೆಗೆದು ಮೂಸಿದರು. ಮತ್ತೆ ಮುಚ್ಚಿ ಬ್ಯಾಗಿಗೆ ಹಾಕಿಕೊಂಡರು.

ಕಲಬೆರಕೆಯ ಪಾಠವನ್ನು ಅವರು ನಿಲ್ಲಿಸಿರಲಿಲ್ಲ. ಕಳ್ಳ ವೈದ್ಯನ ವೇಷ ಮಾತ್ರ ಆ ವರ್ಷದಿಂದ ಇರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸದೆ, ನಿಂತೇ, ಆ ಎರಡು ತಟ್ಟೆಗಳ ಚಿತ್ರ ತೋರಿಸಿ, "ಕೆಳಗಿನ ಚುಕ್ಕಿ ಹೇಳಿಕೊಟ್ಟೋಳು ನಾನು" ಎನ್ನುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಜನ ಕಡಿಮೆಯಾದರು. ಈಗ ಆ ಪಾಠ ನನ್ನ ಪಾಲಿಗೆ ಬಂದಿದೆ. ಅದನ್ನು ಮಾಡುವಾಗ ಎದುರಿನ ಮುಖಗಳನ್ನೇ ನೋಡುತ್ತಿರುತ್ತೇನೆ. ತುಂಬ ಗಮನ ಕೊಟ್ಟು ಕೇಳುವವನ ಮೇಲೆ ನನಗೆ ಮೊದಲು ಅನುಮಾನ.

ಸುದ್ದಿ ಖಾತ್ರಿಯಾದ ಮೇಲೆ ಚಿತ್ರದುರ್ಗದ ಅವರ ಮನೆಗೆ ಹೋದೆ. ನಡುಮನೆಯಲ್ಲಿ ಮಲಗಿಸಿದ್ದರು. ಕನ್ನಡಕ ತೆಗೆದಿದ್ದರು. ಅದಿಲ್ಲದ ಅವರ ಮುಖ ಎಲ್ಲವನ್ನೂ ಒಪ್ಪಿಕೊಂಡವರ ಹಾಗೆ ಕಂಡದ್ದು ನನಗೆ ಸಹಿಸಲಾಗಲಿಲ್ಲ. ಹೊರಗೆ ಬಂದೆ. ಗೇಟಿನ ಆಚೆ, ಒಳಗೆ ಬರುವವರ ಸಾಲಿನಿಂದ ದೂರ, ಮಂಜುನಾಥ ನಿಂತಿದ್ದ. ತಲೆ ಅಲ್ಲಲ್ಲಿ ಬೆಳ್ಳಗಾಗಿತ್ತು. ಇವನು ಯಾಕೆ ಬಂದ ಎಂದು ಮನಸ್ಸು ಕೇಳಿತು. ಅವನು ನನ್ನನ್ನು ಕಂಡು ಜೇಬಿಗೆ ಕೈ ಹಾಕಿ ಕಾಗದದ ಪೊಟ್ಟಣವೊಂದನ್ನು ತೆಗೆದ.

"ಅಪ್ಪ ಇನ್ನೂ ಮದ್ದು ಕುಟ್ತಾನೆ ಸಾರ್. ಒಂದಿಬ್ಬರು ಬರ್ತಾರೆ. ಪ್ರತಿ ಸಲ ಹೊಸ ಪುಡಿ ಮಾಡಿದಾಗ ಮೊದಲು ಮೇಡಂಗೆ ತಂದು ಕೊಡ್ತಿದ್ದೆ. ರಿಟೈರ್ ಆದ್ಮ್ಯಾಲೂ ಮನೆಗೇ ತರ್ತಿದ್ದೆ. ಅವರು ನೋಡಿ ಹೂಂ ಅನ್ನಾಗಂಟ ಯಾರಿಗೂ ಕೊಡಬಾರ್ದು ಅಂತ ಹೇಳಿದ್ರು. ಒಂದ್ಸಲಾನೂ ನಂಬಲಿಲ್ಲ ಸಾರ್ ನನ್ನ. ಪ್ರತಿ ಸಲ ತಟ್ಟೆ ಹಾಕಿ ಚುಕ್ಕಿ ನೋಡ್ತಿದ್ರು." ಪೊಟ್ಟಣವನ್ನು ನನ್ನ ಕಡೆ ಚಾಚಿದ. "ಇದು ನಿನ್ನೆ ಕುಟ್ಟಿದ್ದು. ಇನ್ನು ಯಾರಿಗೆ ಕೊಡ್ಲಿ?"

ಇಷ್ಟು ವರ್ಷ ಈ ಮನುಷ್ಯ ಬರುತ್ತಿದ್ದುದನ್ನು ಮೇಡಂ ನನಗೆ ಹೇಳಿರಲಿಲ್ಲ. ಅವನ ಮುಖ ನೋಡಿದೆ. ನಿಜ ಹೇಳುತ್ತಿದ್ದಾನೆ ಎನ್ನಿಸಿತು. ಅನ್ನಿಸಿದ್ದೆಲ್ಲ ನಿಜವಲ್ಲ. ಪೊಟ್ಟಣ ಇಸಿದುಕೊಂಡು ಮೂಲೆ ಬಿಚ್ಚಿ ಮೂಸಿದೆ. ಲಕ್ಕಿಸೊಪ್ಪಿನ ಘಾಟು ಬಂತು. ಅದರ ಹಿಂದೆ, ಹೆಸರು ಗೊತ್ತಿಲ್ಲದ ಆ ಬೇರಿನದು.

"ಇರ್ಲಿ, ನೋಡಾಣ" ಎಂದೆ. "ನಾನು ಹೇಳೋಗಂಟ ಯಾರಿಗೂ ಕೊಡಬ್ಯಾಡ."

ಅವನು ಕಣ್ಣೊರೆಸಿಕೊಂಡು, ಅಷ್ಟು ಹೊತ್ತು ದಾಟದೆ ನಿಂತಿದ್ದ ಗೇಟನ್ನು ದಾಟಿ ಒಳಗೆ ಹೋದ.